ಜಹೀರಾಬಾದ್, ನಾರಾಯಣಖೇಡ್, ತಾಂಡೂರು: ಬಂದವರಿಗೆ ಊರ ಊಟದ ಪರಿಚಯ

ಜಹೀರಾಬಾದ್, ನಾರಾಯಣಖೇಡ್ ಮತ್ತು ತಾಂಡೂರಿಗೆ ವರ್ಷವಿಡೀ ಹೊರಗಿನವರು ಬಂದು ಹೋಗುತ್ತಾರೆ. ಝರಾಸಂಗಂನ ಕೇತಕಿ ಸಂಗಮೇಶ್ವರ ದರ್ಶನಕ್ಕೆ ಬರುವವರು, ಮಂಜೀರಾ ನದಿಯ ಸಿಂಗೂರು ಜಲಾಶಯ ನೋಡುವವರು, ವಿಕಾರಾಬಾದ್ ಬಳಿಯ ಅನಂತಗಿರಿ ಬೆಟ್ಟಕ್ಕೆ ಹೋಗುವವರು, ಹೈದರಾಬಾದಿನಿಂದ ಬೀದರ್ ಕೋಟೆಗೆ ಹೊರಟವರು ಹೀಗೆ ಹಲವರು ಈ ಭಾಗದಲ್ಲಿ ಓಡಾಡುತ್ತಾರೆ. ಆದರೆ ಇವರಲ್ಲಿ ಹೆಚ್ಚಿನವರು ಹೆದ್ದಾರಿ ಢಾಬಾದಲ್ಲಿ ಬಿರಿಯಾನಿ, ಫ್ರೈಡ್ ರೈಸ್ ತಿಂದು ಮುಂದೆ ಸಾಗುತ್ತಾರೆ. ಪಕ್ಕದ ಹಳ್ಳಿಯ ಮನೆಯಲ್ಲಿ ಅದೇ ಹೊತ್ತಿಗೆ ಬೇಯುತ್ತಿರುವ ಜೋಳದ ರೊಟ್ಟಿ, ಪುಂಡಿ ಪಲ್ಯ, ತೊಗರಿ ಬೇಳೆ ಅವರ ಕಣ್ಣಿಗೆ ಬೀಳುವುದಿಲ್ಲ.

ಬರುವ ನೆಂಟರಿಗೆ, ಪ್ರವಾಸಿಗರಿಗೆ ಈ ಭಾಗದ ಊಟ ಯಾವುದು, ಅದು ಯಾವ ಕಾಲಕ್ಕೆ ಸಿಗುತ್ತದೆ, ಏನೆಂದು ಕೇಳಬೇಕು ಎಂಬ ಮಾಹಿತಿಯನ್ನು ಇಲ್ಲಿ ಕೊಡಲಾಗಿದೆ.

ಒಂದೇ ಅಡುಗೆ, ಎರಡು ಹೆಸರು

1956ರ ನವೆಂಬರ್ 1ರವರೆಗೆ ನಾರಾಯಣಖೇಡ್ ಮತ್ತು ಜಹೀರಾಬಾದ್ ತಾಲೂಕುಗಳು ಹೈದರಾಬಾದ್ ರಾಜ್ಯದ ಬೀದರ್ ಜಿಲ್ಲೆಯಲ್ಲಿದ್ದವು. ತಾಂಡೂರು ತಾಲೂಕು ಗುಲ್ಬರ್ಗಾ ಜಿಲ್ಲೆಗೆ ಸೇರಿತ್ತು. ರಾಜ್ಯಗಳ ಪುನರ್ವಿಂಗಡಣೆಯಲ್ಲಿ ಇವು ಆಂಧ್ರಪ್ರದೇಶಕ್ಕೆ ಹೋದವು. ಜಹೀರಾಬಾದ್ ತಾಲೂಕಿನ ನಿರ್ಣಾ ವೃತ್ತ ಮಾತ್ರ ಈ ಕಡೆ ಉಳಿಯಿತು. 2014ರಲ್ಲಿ ತೆಲಂಗಾಣ ರಾಜ್ಯವಾಯಿತು. 2016ರ ಅಕ್ಟೋಬರ್ 11ರಂದು ಹೊಸ ಜಿಲ್ಲೆಗಳಾದಾಗ ಜಹೀರಾಬಾದ್, ನಾರಾಯಣಖೇಡ್ ಸಂಗಾರೆಡ್ಡಿ ಜಿಲ್ಲೆಗೂ ತಾಂಡೂರು ವಿಕಾರಾಬಾದ್ ಜಿಲ್ಲೆಗೂ ಸೇರಿದವು.

ಗಡಿ ಗೆರೆ ಬದಲಾದರೂ ಒಲೆ ಬದಲಾಗಲಿಲ್ಲ. ಹೆಣ್ಣು ಕೊಡುವುದು, ತರುವುದು ಎರಡೂ ಕಡೆ ನಡೆದೇ ಇದೆ. ಆದ್ದರಿಂದ ಇಲ್ಲಿನ ಊಟಕ್ಕೆ ಎರಡೆರಡು ಹೆಸರು ರೂಢಿಯಲ್ಲಿವೆ. ಹೋಟೆಲಿನಲ್ಲಿ, ಸಂತೆಯಲ್ಲಿ ಕೇಳುವವರಿಗೆ ಈ ಪಟ್ಟಿ ಉಪಯೋಗವಾದೀತು.

ಜೋಳದ ರೊಟ್ಟಿ – ಜೊನ್ನ ರೊಟ್ಟೆ
ಸಜ್ಜೆ ರೊಟ್ಟಿ – ಸಜ್ಜ ರೊಟ್ಟೆ
ಪುಂಡಿ ಪಲ್ಯ – ಪುಂಟಿಕೂರ, ಗೋಂಗೂರ
ತೊಗರಿ ಬೇಳೆ – ಕಂದಿ ಪಪ್ಪು
ಹುರುಳಿ – ಉಲವಲು
ನವಣೆ – ಕೊರ್ರಲು
ಹಾರಕ – ಅರಿಕಲು
ರಾಗಿ – ತೈದಲು
ಗುರೆಳ್ಳು – ವೆರ್ರಿನುವ್ವುಲು
ಕುಸುಬಿ – ಕುಸುಮಲು
ಹೊನಗನ್ನೆ – ಪೊನ್ನಗಂಟಿ ಕೂರ
ಗೋಳಿ ಸೊಪ್ಪು – ಗಂಗವಾಯಿಲಿ ಕೂರ

ಅಂಬಲಿ ಎರಡೂ ಭಾಷೆಯಲ್ಲಿ ಅಂಬಲಿಯೇ. ಜೋಳದ ನುಚ್ಚಿನಿಂದ ಮಾಡುವ ಗಟ್ಟಿ ಗಂಜಿಗೆ ತೆಲಂಗಾಣದಲ್ಲಿ ಗಟ್ಕ ಎನ್ನುತ್ತಾರೆ. ಹುಣಸೆ ಹುಳಿಯನ್ನು ಕುದಿಸದೆ, ಈರುಳ್ಳಿ ಮೆಣಸಿನಕಾಯಿ ಹಾಕಿ ಮಾಡುವ ಸಾರಿಗೆ ಪಚ್ಚಿ ಪುಲುಸು ಎಂದು ಹೆಸರು. ಮುಸ್ಲಿಂ ಮನೆಗಳ ಮದುವೆಯಲ್ಲಿ ಬಗಾರಾ ಅನ್ನ ಮತ್ತು ಬೇಳೆ, ಮಾಂಸ ಸೇರಿಸಿದ ದಾಲ್ಚಾ ಇರುತ್ತದೆ. ಈಗ ಬಗಾರಾ ಅನ್ನ ಎಲ್ಲ ಜಾತಿ, ಧರ್ಮದವರ ಮದುವೆಗೂ ಬಂದಿದೆ.

ಜಹೀರಾಬಾದ್: ಕಿರುಧಾನ್ಯದ ನೆಲ

ಜಹೀರಾಬಾದಿನಿಂದ ಬೀದರ್‌ವರೆಗೆ ಇರುವುದು ಕೆಂಪು ಜಂಬಿಟ್ಟಿಗೆಯ ಎತ್ತರದ ನೆಲ. ಮಣ್ಣಿನ ಪದರ ತೆಳು, ನೀರು ನಿಲ್ಲುವುದಿಲ್ಲ. ಇಂಥ ಕಡೆ ಒಂದೇ ಹೊಲದಲ್ಲಿ ಜೋಳ, ಸಜ್ಜೆ, ನವಣೆ, ಸಾವೆ, ತೊಗರಿ, ಹೆಸರು, ಎಳ್ಳು, ಪುಂಡಿ ಸೇರಿಸಿ ಬಿತ್ತುವುದು ಹಳೆಯ ಪದ್ಧತಿ. ಮಳೆ ಕೈಕೊಟ್ಟು ಒಂದು ಬೆಳೆ ಹೋದರೂ ಇನ್ನೊಂದು ಮನೆಗೆ ಬರುತ್ತದೆ. ಅಕ್ಕಡಿ ಬೆಳೆಗಳ ನಡುವೆ ತಾನಾಗಿ ಬೆಳೆಯುವ ಸೊಪ್ಪುಗಳೂ ಅಡುಗೆಗೆ ಆಗುತ್ತವೆ.

ಈ ಪದ್ಧತಿ ಉಳಿಯಲು ಪಸ್ತಾಪುರದ ಡೆಕ್ಕನ್ ಡೆವಲಪ್‌ಮೆಂಟ್ ಸೊಸೈಟಿಯ ಮಹಿಳಾ ಸಂಘಗಳ ಪಾಲು ದೊಡ್ಡದು. 1983ರಲ್ಲಿ ಆರಂಭವಾದ ಈ ಸಂಸ್ಥೆಯ ಸ್ಥಾಪಕರಲ್ಲಿ ಒಬ್ಬರಾದ ಪಿ.ವಿ. ಸತೀಶ್ ಹುಟ್ಟಿದ್ದು ಮೈಸೂರಿನಲ್ಲಿ. ದೂರದರ್ಶನದಲ್ಲಿ ಕೆಲಸ ಮಾಡಿ ಇಲ್ಲಿಗೆ ಬಂದವರು. 2023ರ ಮಾರ್ಚ್ 19ರಂದು ಅವರು ನಿಧನರಾದರು. ಸಂಘದ ಸದಸ್ಯೆಯರಲ್ಲಿ ಹೆಚ್ಚಿನವರು ದಲಿತ ಕುಟುಂಬಗಳ ಬಡ ಹೆಣ್ಣುಮಕ್ಕಳು. ಬೀಳು ಬಿದ್ದ ಹೊಲಗಳನ್ನು ಮತ್ತೆ ಉತ್ತು, ಬೆಳೆದ ಜೋಳವನ್ನು ಊರಿನಲ್ಲೇ ಕೂಡಿಟ್ಟು, ಊರಿನ ಬಡವರಿಗೆ ಕಡಿಮೆ ದರದಲ್ಲಿ ಹಂಚುವ ವ್ಯವಸ್ಥೆಯನ್ನು 1990ರ ದಶಕದಲ್ಲಿ ಅವರು ನಡೆಸಿದರು. ಅಕ್ಕಿಯ ಪಡಿತರಕ್ಕೆ ಬದಲಾಗಿ ಜೋಳದ ಪಡಿತರ ಎಂಬುದು ಅದರ ಹೊಸತನವಾಗಿತ್ತು. 2008ರ ಅಕ್ಟೋಬರ್ 15ರಂದು ಮಾಚನೂರಿನಲ್ಲಿ ಅವರದೇ ಸಂಘಂ ರೇಡಿಯೋ ಆರಂಭವಾಯಿತು. 2019ರಲ್ಲಿ ಸಂಘಗಳಿಗೆ ವಿಶ್ವಸಂಸ್ಥೆಯ ಇಕ್ವೇಟರ್ ಪ್ರಶಸ್ತಿ ಬಂತು.

ಪ್ರವಾಸಿಗರಿಗೆ ಮುಖ್ಯವಾದ ಸಂಗತಿ ಸಂಘಗಳು ನಡೆಸಿಕೊಂಡು ಬಂದ ಹಳೆ ಬೆಳೆಗಳ ಜಾತ್ರೆ. ಸಂಕ್ರಾಂತಿ ಹೊತ್ತಿಗೆ ಆರಂಭವಾಗಿ, ಸಿಂಗರಿಸಿದ ಎತ್ತಿನ ಬಂಡಿಗಳಲ್ಲಿ ಬೀಜಗಳನ್ನು ಇಟ್ಟುಕೊಂಡು ಊರಿಂದೂರಿಗೆ ಹೋಗುವ ಈ ಜಾತ್ರೆ ಸುಮಾರು ಒಂದು ತಿಂಗಳು ನಡೆಯುತ್ತದೆ. ಜಹೀರಾಬಾದ್ ಪಟ್ಟಣದಲ್ಲಿ ಕಿರುಧಾನ್ಯದ ಊಟಕ್ಕೆಂದೇ ಕೆಫೆ ಎಥ್ನಿಕ್ ಎಂಬ ಹೋಟೆಲನ್ನೂ ಸಂಸ್ಥೆ ತೆರೆದಿತ್ತು. ಹೋಗುವವರು ಮೊದಲೇ ವಿಚಾರಿಸಿಕೊಂಡು ಹೋಗುವುದು ಒಳ್ಳೆಯದು.

ನಾರಾಯಣಖೇಡ್: ಬುತ್ತಿಯ ರೊಟ್ಟಿ

ನಾರಾಯಣಖೇಡ್ ಭಾಗದಲ್ಲಿ ಲಂಬಾಣಿ ತಾಂಡಾಗಳು ಬಹಳ. ಕಬ್ಬು ಕಡಿಯುವ ಕಾಲದಲ್ಲಿ ತಾಂಡಾದ ಅನೇಕ ಕುಟುಂಬಗಳು ಊರು ಬಿಟ್ಟು ಕರ್ನಾಟಕ, ಮಹಾರಾಷ್ಟ್ರದ ಕಡೆ ದುಡಿಯಲು ಹೋಗುತ್ತವೆ. ಅವರ ಬುತ್ತಿಯಲ್ಲಿ ಇರುವುದು ಜೋಳದ ರೊಟ್ಟಿ. ಲಂಬಾಣಿಯಲ್ಲಿ ಅದಕ್ಕೆ ಬಾಟಿ ಎನ್ನುತ್ತಾರೆ. ಒಣಗಿಸಿ ಕಡಕ್ ಮಾಡಿದ ರೊಟ್ಟಿ ಹಲವು ದಿನ ಕೆಡುವುದಿಲ್ಲ. ಜೊತೆಗೆ ಶೇಂಗಾ ಹಿಂಡಿ ಅಥವಾ ಹಸಿ ಮೆಣಸಿನಕಾಯಿ, ಬೆಳ್ಳುಳ್ಳಿ ಕುಟ್ಟಿದ ಖಾರ ಇದ್ದರೆ ಸಾಕು.

ಜೋಳದಲ್ಲಿ ಗೋಧಿಯಂತೆ ಹಿಟ್ಟನ್ನು ಹಿಡಿದಿಡುವ ಅಂಟು ಇಲ್ಲ. ಆದ್ದರಿಂದ ಕುದಿಯುವ ನೀರು ಹಾಕಿ ನಾದಿ, ಕೈಯಲ್ಲಿ ತಟ್ಟಬೇಕು. ಹಿಟ್ಟು ಹಳೆಯದಾದರೆ ರೊಟ್ಟಿ ಬಿರಿಯುತ್ತದೆ. ಇದು ಕೈಚಳಕದ ಕೆಲಸವಾದ್ದರಿಂದ ಹೋಟೆಲಿನವರು ಸುಲಭಕ್ಕೆ ಒಪ್ಪುವುದಿಲ್ಲ. ಚಪಾತಿ ಮಾಡುವವನನ್ನು ಎಲ್ಲಿಂದಲಾದರೂ ಕರೆತರಬಹುದು, ರೊಟ್ಟಿ ತಟ್ಟುವವರು ಊರಿನ ಹೆಣ್ಣುಮಕ್ಕಳೇ ಆಗಬೇಕು.

ತಾಂಡೂರು: ತೊಗರಿಗೆ ಸಿಕ್ಕ ಗುರುತು

ತಾಂಡೂರು ಎಂದರೆ ಹಾಸುಗಲ್ಲು ನೆನಪಾಗುತ್ತದೆ. ಅದೇ ಸುಣ್ಣದ ಕಲ್ಲಿನ ನೆಲದ ಕಪ್ಪು ಮಣ್ಣಿನಲ್ಲಿ ಬೆಳೆಯುವ ತೊಗರಿಗೆ 2022ರ ಡಿಸೆಂಬರ್‌ನಲ್ಲಿ ಭೌಗೋಳಿಕ ಗುರುತು, ಅಂದರೆ ಜಿಐ ಮಾನ್ಯತೆ ಸಿಕ್ಕಿತು. ಇದಕ್ಕೆ ಅರ್ಜಿ ಹಾಕಿದ್ದು ಯಾಲಾಲ್ ರೈತ ಉತ್ಪಾದಕರ ಕಂಪನಿ. ಈ ಮಣ್ಣಿನಲ್ಲಿರುವ ಅಟ್ಟಾಪಲ್ಗೈಟ್ ಎಂಬ ಜೇಡಿ ಖನಿಜ ಮತ್ತು ಸುಣ್ಣದ ಕಲ್ಲಿನ ಪದರವೇ ರುಚಿ, ಪರಿಮಳ ಮತ್ತು ಹೆಚ್ಚು ದಿನ ಕೆಡದಿರುವ ಗುಣಕ್ಕೆ ಕಾರಣ ಎಂದು ಹೇಳಲಾಗಿದೆ. ಇದರಲ್ಲಿ ಪ್ರೋಟೀನ್ ಶೇ. 22ರಿಂದ 24ರಷ್ಟಿದೆ. ಗಡಿಯಾಚೆಯ ಗುಲ್ಬರ್ಗಾ ತೊಗರಿ ಬೇಳೆಗೆ 2019ರಲ್ಲೇ ಈ ಗುರುತು ಸಿಕ್ಕಿತ್ತು. 1956ರ ಮೊದಲು ಒಂದೇ ಜಿಲ್ಲೆಯಲ್ಲಿದ್ದ ತೊಗರಿ ಈಗ ಎರಡು ಹೆಸರಿನಲ್ಲಿ ಮಾರುಕಟ್ಟೆಗೆ ಹೋಗುತ್ತಿದೆ.

ತಾಂಡೂರಿಗೆ ಬಂದು ತಂದೂರಿ ರೊಟ್ಟಿ ಹುಡುಕುವವರೂ ಇದ್ದಾರೆ. ತಂದೂರ್ ಎಂಬುದು ಪರ್ಷಿಯನ್ ಮೂಲದ ಒಲೆಯ ಹೆಸರು. ಇಲ್ಲಿ ಕೇಳಬೇಕಾದದ್ದು ಮುದ್ದ ಪಪ್ಪು, ಅಂದರೆ ಗಟ್ಟಿಯಾಗಿ ಬೇಯಿಸಿದ ತೊಗರಿ ಬೇಳೆ, ಅದಕ್ಕೊಂದು ಚಮಚ ತುಪ್ಪ. ಪುಂಡಿ ಸೊಪ್ಪು ಹಾಕಿದ ಬೇಳೆಯೂ ರೊಟ್ಟಿಗೆ ಚೆನ್ನ.

ಬೇಳೆ ಕೊಂಡು ಒಯ್ಯುವವರು ಎರಡು ವಿಷಯ ಗಮನಿಸಬೇಕು. ಪೊಟ್ಟಣದ ಮೇಲೆ ಜಿಐ ಗುರುತು ಇದೆಯೇ ನೋಡಬೇಕು. ಬಿಡಿ ಬೇಳೆಯಾದರೆ ಅಂಗೈಯಲ್ಲಿ ಹರಡಿ ನೋಡಬೇಕು. ತೊಗರಿ ಬೇಳೆ ದುಂಡಗಿರುತ್ತದೆ. ಚೌಕಾಕಾರವಾಗಿ, ಒಂದು ಬದಿ ಇಳಿಜಾರಾಗಿರುವ ಕಾಳು ಬೆರೆತಿದ್ದರೆ ಅದು ಕೇಸರಿ ಬೇಳೆ ಇರಬಹುದು. ಅದನ್ನು ಬಹುಕಾಲ ಹೆಚ್ಚಾಗಿ ತಿಂದರೆ ಕಾಲುಗಳ ಶಕ್ತಿ ಕುಂದುವ ರೋಗ ಬರುತ್ತದೆ.

ಯಾವ ಕಾಲಕ್ಕೆ ಯಾವ ಊಟ

ಮಳೆಗಾಲ: ಹೊಲದ ಬದುವಿನ ಸೊಪ್ಪುಗಳು. ಹೊನಗನ್ನೆ, ಗೋಳಿ, ತುಂಬೆ ಸೊಪ್ಪಿನ ಪಲ್ಯ.

ನವರಾತ್ರಿ: ತೆಲಂಗಾಣದ ಬತುಕಮ್ಮ ಹಬ್ಬ. ರೊಟ್ಟಿ ಮುರಿದು ಬೆಲ್ಲ ಸೇರಿಸಿ ಮಾಡುವ ಮಲೀದ ಸಿಗುತ್ತದೆ. ಕನ್ನಡ ಮನೆಗಳ ಮಾದಲಿಗೆ ಇದು ಹತ್ತಿರದ ನೆಂಟ.

ಡಿಸೆಂಬರ್, ಜನವರಿ: ಎಳ್ಳಮಾವಾಸ್ಯೆ. ಈ ಭಾಗದ ಊಟಕ್ಕೆ ಇದೇ ದೊಡ್ಡ ದಿನ. ಮಾರ್ಗಶಿರ ಅಮಾವಾಸ್ಯೆಯಂದು ಮನೆಮಂದಿಯೆಲ್ಲ ಹೊಲಕ್ಕೆ ಹೋಗಿ, ಬೆಳೆಗೆ ಪೂಜೆ ಮಾಡಿ, ಚರಗ ಚೆಲ್ಲಿ, ಅಲ್ಲೇ ಕೂತು ಉಣ್ಣುತ್ತಾರೆ. ಹಸಿ ತೊಗರಿ, ಹಸಿ ಕಡಲೆ, ಬಟಾಣಿ ಮತ್ತು ಹಲವು ಸೊಪ್ಪು ಕೂಡಿಸಿ ಕಡಲೆ ಹಿಟ್ಟಿನಲ್ಲಿ ಬೇಯಿಸಿದ ಭಜ್ಜಿ, ಸಜ್ಜೆ ರೊಟ್ಟಿ, ಸಜ್ಜೆ ಕಡುಬು, ಮಣ್ಣಿನ ಗಡಿಗೆಯ ಅಂಬಲಿ ಅಂದಿನ ಊಟ. ಹೊಲದ ದಾರಿಯಲ್ಲಿ ಹೋಗುವವರನ್ನೂ ಕರೆದು ಬಡಿಸುವುದು ರೂಢಿ. ಬಜಾರಿನಲ್ಲಿ ಸಿಗದ ಈ ಊಟ ಸವಿಯಲು ಅಂದು ಪರಿಚಯದವರ ಊರಿಗೆ ಬರುವುದೇ ದಾರಿ.

ಸಂಕ್ರಾಂತಿ: ಭೋಗಿ ದಿನ ಎಳ್ಳು ಹಚ್ಚಿದ ಸಜ್ಜೆ ರೊಟ್ಟಿ. ತೆಲುಗು ಮನೆಗಳಲ್ಲಿ ಅಕ್ಕಿ ಹಿಟ್ಟಿನ ಸಕಿನಾಲು. ಹಾಲುದುಂಬಿದ ಹಿಂಗಾರಿ ಜೋಳದ ತೆನೆ ಸುಟ್ಟು ಉದುರಿಸಿದ ಸೀತನಿಯೂ ಇದೇ ಕಾಲದ್ದು.

ಬೇಸಿಗೆ: ಅಂಬಲಿ, ಮಜ್ಜಿಗೆ, ಪಚ್ಚಿ ಪುಲುಸು.

ರೊಟ್ಟಿ ಮನೆಯಲ್ಲೇ ಉಳಿದದ್ದೇಕೆ

ಒಂದು ಕಾಲಕ್ಕೆ ಇಲ್ಲಿ ಅನ್ನ ಎಂದರೆ ಹಬ್ಬದ ಊಟ, ರೊಟ್ಟಿ ದಿನದ ಊಟ. ಬೀಗರು ಬಂದರೆ ಅನ್ನ ಮಾಡುವುದು ಮರ್ಯಾದೆ ಎನಿಸಿತ್ತು. 1983ರಲ್ಲಿ ಎನ್.ಟಿ. ರಾಮರಾವ್ ಸರ್ಕಾರ ಎರಡು ರೂಪಾಯಿಗೆ ಕಿಲೋ ಅಕ್ಕಿ ಕೊಟ್ಟಾಗ ಬಡವರ ಮನೆಗೂ ಅನ್ನ ಬಂತು. 2025ರಲ್ಲಿ ತೆಲಂಗಾಣ ಸರ್ಕಾರ ಪಡಿತರದಲ್ಲಿ ತಲಾ ಆರು ಕಿಲೋ ಸಣ್ಣ ಅಕ್ಕಿಯನ್ನು ಉಚಿತವಾಗಿ ಕೊಡಲು ಆರಂಭಿಸಿತು. ಹಸಿವು ನೀಗಿದ್ದು ಸಣ್ಣ ಮಾತಲ್ಲ. ಆದರೆ ಅಕ್ಕಿ ಉಚಿತವಾಗಿ ಸಿಗುವಾಗ ದುಡ್ಡು ಕೊಟ್ಟು ಜೋಳ ತರುವವರು ಕಡಿಮೆಯಾಗುವುದು ಸಹಜ. ಕೊಳ್ಳುವವರು ಕಡಿಮೆಯಾದರೆ ಬಿತ್ತುವವರೂ ಕಡಿಮೆಯಾಗುತ್ತಾರೆ. ಆ ಜಾಗಕ್ಕೆ ಹತ್ತಿ, ಕಬ್ಬು ಬರುತ್ತವೆ. ಜೋಳ ಹೋದರೆ ದನಗಳ ಕಣಕಿಯೂ ಹೋಗುತ್ತದೆ. ನ್ಯಾಲ್ಕಲ್, ಝರಾಸಂಗಂ ಮಂಡಲಗಳಲ್ಲಿ ನಿಮ್ಜ್ ಕೈಗಾರಿಕಾ ವಲಯಕ್ಕೂ ಹೊಲಗಳು ಹೋಗುತ್ತಿವೆ.

ಇನ್ನೊಂದು ಕಡೆ, ವಿಶ್ವಸಂಸ್ಥೆ 2023ನ್ನು ಕಿರುಧಾನ್ಯ ವರ್ಷ ಎಂದು ಆಚರಿಸಿದ ಮೇಲೆ ಇದೇ ಧಾನ್ಯ ಸಿರಿಧಾನ್ಯ ಎಂಬ ಹೆಸರಿನಲ್ಲಿ ನಗರಗಳ ದೊಡ್ಡ ಅಂಗಡಿ ಸೇರಿದೆ. ಬೆಳೆಯುವ ಊರಿನಲ್ಲಿ ಬಿಡುತ್ತಿರುವ ಊಟವನ್ನು ನಗರದವರು ಹೆಚ್ಚು ಬೆಲೆ ಕೊಟ್ಟು ಕೊಳ್ಳುತ್ತಿದ್ದಾರೆ.

ಥಾಯ್ಲೆಂಡ್ ಏನು ಮಾಡಿತು

ನಮ್ಮವರು ರಜೆಗೆ ಥಾಯ್ಲೆಂಡಿನ ಫುಕೆಟ್, ಸಮುಯ್ ದ್ವೀಪಗಳಿಗೆ ಹೋದಾಗ ಅಲ್ಲಿ ಹಸಿ ಪಪ್ಪಾಯಿ ಕುಟ್ಟಿ ಮಾಡುವ ಸೋಮ್ ತಾಮ್ ಎಂಬ ಹುಳಿ ಖಾರದ ತಿನಿಸನ್ನು ತಿನ್ನುತ್ತಾರೆ. ಅದು ಆ ದ್ವೀಪಗಳದ್ದಲ್ಲ. ಲಾವೋಸ್ ಗಡಿಗೆ ಅಂಟಿದ, ಒಣ ಬೇಸಾಯದ, ಬಡ ಪ್ರಾಂತ್ಯವಾದ ಈಸಾನ್ ಕಡೆಯ ತಿನಿಸು. ಅಲ್ಲಿಯ ಜನರ ಮನೆಮಾತು ಲಾವೊಗೆ ಸೇರಿದ್ದು. ದುಡಿಯಲು ಬ್ಯಾಂಕಾಕಿಗೆ ಹೋದ ಈಸಾನ್ ಜನ ಅದನ್ನು ಬೀದಿ ಬಂಡಿಯಲ್ಲಿ ಮಾರಿದರು. ಈಗ ಅದು ಇಡೀ ದೇಶದ ಹೆಸರಿನಲ್ಲಿ ಪ್ರಸಿದ್ಧವಾಗಿದೆ. ಥಾಯ್ ಸರ್ಕಾರವೂ 2002ರಿಂದ ಹೊರದೇಶಗಳಲ್ಲಿ ಥಾಯ್ ಹೋಟೆಲುಗಳು ಹೆಚ್ಚಲು ಯೋಜನೆ ನಡೆಸಿತು. ಗಡಿಯ ಬಡವರ ಊಟವೆಂಬ ಕಾರಣಕ್ಕೆ ಅದನ್ನು ಮುಚ್ಚಿಟ್ಟಿದ್ದರೆ ಇದಾವುದೂ ಆಗುತ್ತಿರಲಿಲ್ಲ. ದುಡಿಯಲು ಹೈದರಾಬಾದಿಗೆ ಹೋದ ಗಡಿಯ ಹೆಣ್ಣುಮಕ್ಕಳು ತಟ್ಟುವ ರೊಟ್ಟಿಗೂ ಅಂಥ ದಾರಿ ಇದೆ.

ಬರುವವರಿಗೆ, ಬಡಿಸುವವರಿಗೆ ಸೂಚನೆಗಳು

* ರೊಟ್ಟಿ ಊಟ ಬೇಕಿದ್ದರೆ ಅರ್ಧ ದಿನ ಮೊದಲೇ ತಿಳಿಸಿ. ಖಾನಾವಳಿಯಾಗಲಿ, ಮನೆಯಾಗಲಿ, ಹಿಟ್ಟು ಬೀಸಿಸಲು, ತಟ್ಟಲು ಸಮಯ ಬೇಕು.
* ರೊಟ್ಟಿ ರೂಢಿ ಇಲ್ಲದವರು ಮೊದಲ ದಿನ ಒಂದೆರಡಕ್ಕೆ ನಿಲ್ಲಿಸಿ. ನಾರಿನಂಶ ಹೆಚ್ಚಿರುವುದರಿಂದ ಹೊಟ್ಟೆ ಉಬ್ಬರಿಸಬಹುದು.
* ಖಾರ ಕಡಿಮೆ ಬೇಕಾದವರು ಮೊದಲೇ ಹೇಳಿ. ಮೊಸರು, ಶೇಂಗಾ ಹಿಂಡಿ ಜೊತೆಗಿರಲಿ.
* ಅಂಬಲಿ, ಮಜ್ಜಿಗೆಗೆ ಬಳಸಿದ ನೀರು ಕುದಿಸಿದ್ದೇ ಅಥವಾ ಶುದ್ಧ ಮಾಡಿದ್ದೇ ಎಂದು ಕೇಳಲು ಸಂಕೋಚ ಬೇಡ.
* ಮನೆಯಲ್ಲಿ ಉಂಡರೆ, ಬೇಡವೆಂದರೂ ಧಾನ್ಯದ ಬೆಲೆ ಹಾಗೂ ತಟ್ಟಿದವರ ಕೂಲಿಯನ್ನು ಗೌರವದಿಂದ ಕೊಟ್ಟು ಬನ್ನಿ. ನೆಂಟಸ್ತಿಕೆ ಇದ್ದರೆ ಮಾತು ಬೇರೆ.
* ಜಾತ್ರೆ, ಉತ್ಸವಗಳಲ್ಲಿ ಅಂಗಡಿ ಇಡುವ ಸ್ವಸಹಾಯ ಸಂಘದವರು ಬಜ್ಜಿ, ನೂಡಲ್ಸ್ ಜೊತೆಗೆ ಒಂದು ತವೆ ರೊಟ್ಟಿಗೂ ಇಡಬಹುದು. ಫಲಕವನ್ನು ತೆಲುಗು, ಕನ್ನಡ ಎರಡರಲ್ಲೂ ಬರೆದರೆ ಬೀದರ್, ಕಲಬುರಗಿ ಕಡೆಯ ಯಾತ್ರಿಕರಿಗೆ ಅನುಕೂಲ.

ಜಹೀರಾಬಾದಿಗೆ ಮುಂಬಯಿ ಹೆದ್ದಾರಿ ಮತ್ತು ವಿಕಾರಾಬಾದ್–ಬೀದರ್ ರೈಲು ಮಾರ್ಗದಿಂದ ಬರಬಹುದು. ಬೀದರಿನಿಂದ ಸುಮಾರು 30 ಕಿ.ಮೀ. ತಾಂಡೂರು ಸಿಕಂದರಾಬಾದ್–ವಾಡಿ ರೈಲು ಮಾರ್ಗದಲ್ಲಿದೆ. ನಾರಾಯಣಖೇಡಿಗೆ ರೈಲು ಇಲ್ಲ, ಬಸ್ಸಿನಲ್ಲೇ ಹೋಗಬೇಕು.