ಗಾಮನಿಗಿಂತ ಮೊದಲು ಕಲ್ಲಿಕೋಟೆಗೆ ಇಳಿದವನು

ಇವತ್ತಿನ ಎಪಿಸೋಡನ್ನ ಒಂದು ಮಾರ್ಕಿನ ಪ್ರಶ್ನೆಯಿಂದ ಶುರು ಮಾಡೋಣ. ಯುರೋಪಿನಿಂದ ಭಾರತಕ್ಕೆ ಜಲಮಾರ್ಗ ಕಂಡುಹಿಡಿದವನು ಯಾರು? ವಾಸ್ಕೋ ಡ ಗಾಮ. 1498, ಕಲ್ಲಿಕೋಟೆ. ನಾವೆಲ್ಲ ಬಾಯಿಪಾಠ ಮಾಡಿ ಬರೆದದ್ದೇ.

ಈಗ ಎರಡನೇ ಪ್ರಶ್ನೆ. ಆ ಹಡಗುಗಳಿಂದ ಇಳಿದು ಮೊದಲು ಕಲ್ಲಿಕೋಟೆ ಊರೊಳಗೆ ಹೋದವನು ಯಾರು? ಗಾಮ ಅಲ್ಲ ಸ್ವಾಮಿ. ಒಬ್ಬ ಕೈದಿ.

ಕಳೆದ ವರ್ಷ ನಾನು ಮಂಗಳೂರಿನಿಂದ ರೈಲು ಹತ್ತಿ ಕಲ್ಲಿಕೋಟೆಗೆ ಹೋಗಿದ್ದೆ, ಒಬ್ಬನೇ. ಊರಿನ ಉತ್ತರಕ್ಕೆ ಕಾಪ್ಪಾಡ್ ಅಂತ ಕಡಲತೀರ ಇದೆ. ಗಾಮ ಇಲ್ಲಿ ಇಳಿದ ಅಂತ ಹೇಳೋ ಒಂದು ಕಲ್ಲು ನೆಟ್ಟಿದ್ದಾರೆ. ಜನ ಅದರ ಮುಂದೆ ನಿಂತು ಸೆಲ್ಫಿ ತಗೊಳ್ತಾರೆ, ನಾನೂ ತಗೊಂಡೆ. ಆದರೆ ಮೊದಲು ಹೋದ ಆ ಕೈದಿಯ ಹೆಸರು ಕಲ್ಲಿನ ಮೇಲೆ ಇಲ್ಲ. ಅದೇ ತಲೆಯಲ್ಲಿ ಕೂತುಬಿಡ್ತು.

ಕತೆ ಹೀಗಿದೆ. 1497ರ ಜುಲೈ 8ರಂದು ನಾಲ್ಕು ಹಡಗುಗಳು ಲಿಸ್ಬನ್ ಬಿಟ್ಟವು. ಅದರಲ್ಲಿ ನಾವಿಕರು, ಸೈನಿಕರ ಜೊತೆ ಶಿಕ್ಷೆಯಾದ ಕೆಲವು ಕೈದಿಗಳೂ ಇದ್ದರು. ಯಾಕೆ ಗೊತ್ತಾ? ಗೊತ್ತಿಲ್ಲದ ತೀರ ಸಿಕ್ಕಾಗ ಮೊದಲು ಇಳಿಸೋದಕ್ಕೆ. ಅಲ್ಲಿನ ಜನ ಒಳ್ಳೆಯವರಾದರೆ ಸುದ್ದಿ ಬರುತ್ತೆ. ಕೊಂದು ಹಾಕಿದರೆ ಹೋಗಿದ್ದು ಒಬ್ಬ ಕೈದಿ. ನಾನು ಬಿ.ಕಾಂ. ಓದಿದವನು, ನನಗೆ ಇದು ಲೆಕ್ಕದ ಪುಸ್ತಕದ ಥರ ಕಾಣುತ್ತೆ. ರಿಸ್ಕ್ ಯಾರ ಖಾತೆಗೆ, ಲಾಭ ಯಾರ ಖಾತೆಗೆ ಅಂತ ಲಿಸ್ಬನ್ನಿನಲ್ಲೇ ಬರೆದಾಗಿತ್ತು.

ಆಫ್ರಿಕಾ ಸುತ್ತಿ ಬರುವಷ್ಟರಲ್ಲಿ ಹಡಗಿನವರಿಗೆ ಸ್ಕರ್ವಿ ಹಿಡೀತು. ತಾಜಾ ತರಕಾರಿ, ಹಣ್ಣು ಇಲ್ಲದೆ ಬರೋ ಕಾಯಿಲೆ ಅದು. ಕೈಕಾಲು ಬಾತುಕೊಂಡವು, ಒಸಡು ಊದಿ ಊಟ ಮಾಡೋಕಾಗದೆ ಸತ್ತವರೂ ಇದ್ದರು. ಇಂದಿನ ಕೀನ್ಯಾದ ಮಾಲಿಂದಿಯಲ್ಲಿ ಅವರಿಗೆ ಈ ಕಡಲು ಬಲ್ಲ ಒಬ್ಬ ನಾವಿಕ ಸಿಕ್ಕ. ಅವನು ದಾರಿ ತೋರಿಸಿದ, ಮುಂಗಾರಿನ ಮೊದಲ ಗಾಳಿ ತಳ್ಳಿತು. 1498ರ ಮೇ 20ರಂದು ಮಲಬಾರ್ ತೀರದ ಎದುರು ಲಂಗರು ಹಾಕಿದರು. ಅಂದರೆ ಆಗಲೇ ಗೊತ್ತಿದ್ದ ದಾರಿಯನ್ನ ಗೊತ್ತಿದ್ದವನೇ ತೋರಿಸಿದ್ದು. 'ಕಂಡುಹಿಡಿದ' ಅನ್ನೋ ಪದ ಇಲ್ಲೇ ಸ್ವಲ್ಪ ಅಲ್ಲಾಡುತ್ತೆ.

ಮರುದಿನ ಸ್ಥಳೀಯ ದೋಣಿಗಳು ಹಡಗಿನ ಹತ್ತಿರ ಬಂದವು. ಗಾಮ ಇಳಿಯಲಿಲ್ಲ. ಒಬ್ಬ ಕೈದಿಯನ್ನ ಅವರ ಜೊತೆ ಕಳಿಸಿದ. ಆ ಪಯಣದ ದಿನಚರಿಯಲ್ಲಿ ಅವನಿಗೆ ಹೆಸರೂ ಇಲ್ಲ, ಬರೀ 'ಕೈದಿಗಳಲ್ಲಿ ಒಬ್ಬ'. ಆಮೇಲಿನ ಬರಹಗಳು ಅವನನ್ನ ಜುವಾವೊ ನುನೆಸ್ ಅಂತ ಕರೀತಾವೆ.

ಒಂದು ಕ್ಷಣ ಯೋಚಿಸಿ. ಹತ್ತೂವರೆ ತಿಂಗಳು ಹಡಗಿನಲ್ಲಿ ಕಳೆದಿದ್ದಾನೆ. ಕಾಲ ಕೆಳಗೆ ಮರಳು. ಸುತ್ತ ಅರ್ಥವಾಗದ ಮಾತು. ಜೊತೆಗೆ ತನ್ನವರು ಅಂತ ಒಬ್ಬರೂ ಇಲ್ಲ.

ದೋಣಿಯವರು ಅವನಿಗೆ ಏನೂ ಮಾಡಲಿಲ್ಲ. 'ಇವನ ಮಾತು ನಮಗೆ ತಿಳಿಯಲ್ಲ, ತಿಳಿಯೋರ ಹತ್ತಿರ ಬಿಡೋಣ' ಅಂದುಕೊಂಡಿರಬೇಕು. ಊರಲ್ಲಿದ್ದ ಇಬ್ಬರು ಮುಸ್ಲಿಂ ವ್ಯಾಪಾರಿಗಳ ಮನೆಗೆ ಕರ್ಕೊಂಡು ಹೋದರು. ಅವರು ಉತ್ತರ ಆಫ್ರಿಕಾದ ಟ್ಯುನಿಸ್‌ನವರು. ಅವರಿಗೆ ಸ್ಪೇನಿನ ಭಾಷೆ ಬರ್ತಿತ್ತು, ಇಟಲಿಯ ಜಿನೋವಾದ ಭಾಷೆಯೂ ಬರ್ತಿತ್ತು!

ಅವರಿಗೆ ಖುಷಿ ಆಗಲಿಲ್ಲ, ಬೈದರು. ನಿನ್ನನ್ನ ಇಲ್ಲಿಗೆ ತಂದದ್ದು ಯಾವ ಪೀಡೆ ಅನ್ನೋ ಅರ್ಥದ ಮಾತು. ಕ್ರೈಸ್ತರನ್ನೂ ಮಸಾಲೆಯನ್ನೂ ಹುಡುಕಿಕೊಂಡು ಬಂದ್ವಿ ಅಂತ ಇವನು ಹೇಳಿದ. ಹಾಗಾದರೆ ಸ್ಪೇನಿನ ರಾಜ, ಫ್ರಾನ್ಸಿನ ರಾಜ, ವೆನಿಸ್‌ನವರು ಯಾಕೆ ಜನ ಕಳಿಸಲಿಲ್ಲ ಅಂತ ಅವರು ಕೇಳಿದರು. ಕಲ್ಲಿಕೋಟೆಯಲ್ಲಿ ಕೂತೇ ಯುರೋಪಿನ ರಾಜಕೀಯ ಗೊತ್ತು ಅವರಿಗೆ. ನಮ್ಮ ರಾಜ ಅವರಿಗೆಲ್ಲ ಬಿಡಲ್ಲ ಅಂತ ಕೈದಿಯ ಉತ್ತರ. ಯಾವ ರಾಜ ಶಿಕ್ಷೆ ಕೊಟ್ಟನೋ ಅದೇ ರಾಜನ ಪರವಾಗಿ ಜಂಬ! ಆಮೇಲೆ ಅವನಿಗೆ ಗೋಧಿ ರೊಟ್ಟಿ, ಜೇನುತುಪ್ಪ ಕೊಟ್ಟರು. ಅವರಲ್ಲೊಬ್ಬ ಅವನ ಜೊತೆ ಹಡಗಿಗೂ ಬಂದ. ತಮ್ಮ ಮಾತು ಬಲ್ಲವನೊಬ್ಬ ಇಷ್ಟು ದೂರದಲ್ಲಿ ಸಿಕ್ಕಿದ್ದು ನೋಡಿ ಹಡಗಿನವರು ದಂಗಾದರು.

ಕೆಲವೇ ದಿನದಲ್ಲಿ ಗಾಮ ತುತ್ತೂರಿ ಊದಿಸಿಕೊಂಡು ಊರಿಗೆ ಬಂದ. ರಾಜ ಸಾಮೂದಿರಿಗೆ ಅಂತ ತಂದದ್ದು ಪಟ್ಟೆ ಬಟ್ಟೆ, ಟೋಪಿ, ಹವಳದ ಸರ, ಕೈತೊಳೆಯೋ ಬೋಗುಣಿ, ಸಕ್ಕರೆ, ಎಣ್ಣೆ, ಜೇನುತುಪ್ಪ. ಅಧಿಕಾರಿಗಳು ನಕ್ಕುಬಿಟ್ಟರು. ಮೆಕ್ಕಾದಿಂದ ಬರೋ ಬಡ ವ್ಯಾಪಾರಿಯೂ ಇದಕ್ಕಿಂತ ಜಾಸ್ತಿ ಕೊಡ್ತಾನೆ ಅಂದರು. ಅವರ ಬಂದರಿಗೆ ಅರಬ್, ಗುಜರಾತಿ ವ್ಯಾಪಾರಿಗಳು ಬರ್ತಿದ್ದರು, ಹಿಂದೆ ಚೀನಾದ ಹಡಗುಗಳೂ ಬಂದಿದ್ದವು.

ಆಗಸ್ಟ್ ಕೊನೆಗೆ ಪೋರ್ಚುಗೀಸರು ಹೊರಟರು. ಆ ಟ್ಯುನಿಸ್‌ನವನೂ ಊರು ಬಿಟ್ಟು ಅವರ ಹಡಗನ್ನೇ ಹತ್ತಿದ. ದಾರಿಯಲ್ಲಿ ನಮ್ಮ ಕಾರವಾರದ ಎದುರಿರೋ ಅಂಜದೀವ್ ದ್ವೀಪದಲ್ಲಿ ನಿಂತು ಹಡಗು ರಿಪೇರಿ ಮಾಡಿಕೊಂಡರು.

ಕಲ್ಲಿಕೋಟೆಯ ಕುಟ್ಟಿಚಿರದಲ್ಲಿ ಮಿಶ್ಕಾಲ್ ಮಸೀದಿ ಇದೆ. ಒಬ್ಬ ಅರಬ್ ಹಡಗಿನ ಒಡೆಯ ಕಟ್ಟಿಸಿದ್ದು, ಮರದ ಕೆಲಸ ನೋಡೋಕೆ ಎರಡು ಕಣ್ಣು ಸಾಲದು. 1510ರಲ್ಲಿ ಪೋರ್ಚುಗೀಸರು ಅದಕ್ಕೆ ಬೆಂಕಿ ಇಟ್ಟರು. ಅಂದರೆ ರೊಟ್ಟಿ ಜೇನು ತಿಂದ ಆ ದಿನದಿಂದ ಬೆಂಕಿಗೆ ಬರೀ 12 ವರ್ಷ. ಆ ಮಸೀದಿಯ ಪಕ್ಕದ ಕೊಳದ ಮೆಟ್ಟಿಲ ಮೇಲೆ ಕೂತು ನಾನು ಈ ಲೆಕ್ಕ ಹಾಕ್ತಿದ್ದೆ.

ಹಾಗಾಗಿ ನನಗೆ 'ಕಂಡುಹಿಡಿದ' ಅನ್ನೋ ಉತ್ತರ ಈಗ ಬರೆಯೋಕಾಗಲ್ಲ. ಕಲ್ಲಿಕೋಟೆ ಕಳೆದುಹೋಗಿರಲಿಲ್ಲ. ದಾರಿ ತಪ್ಪಿದವನಂತೆ ನಿಂತಿದ್ದವನು ಆ ಕೈದಿ. ಊರಿನವರೇ ಅವನನ್ನ ಕಂಡು, ಮಾತು ಬಲ್ಲವರ ಮನೆ ಸೇರಿಸಿ, ಊಟ ಹಾಕಿದರು.

ನಿಮ್ಮ ಊರಿಗೆ ಮೊದಲು ಬಂದವರ ಕತೆ ಗೊತ್ತಿದ್ದರೆ ವಾಯ್ಸ್ ನೋಟ್ ಕಳಿಸಿ. ಮುಂದಿನ ವಾರ ಸಿಗೋಣ.