ಶಕ್ತಿ ಯಾರದು, ಭಾರ ಯಾರದು: ಮಾಟದ ಕಾದಂಬರಿ ಮತ್ತು ಬಳ್ಳಾರಿ ಸೀಮೆಯ ಓದು

ಜನಪದರ ಮಾಟಮಂತ್ರ, ಮೈದುಂಬುವಿಕೆ, ಹೇಳಿಕೆಗಳನ್ನು ಒಡಲಲ್ಲಿಟ್ಟುಕೊಂಡ ಕಾದಂಬರಿ ಬಂದಾಗಲೆಲ್ಲ ನಮ್ಮ ವಿಮರ್ಶೆ ಒಂದೇ ಪ್ರಶ್ನೆಯ ಸುತ್ತ ಗಿರಕಿ ಹೊಡೆಯುತ್ತದೆ: ಲೇಖಕ ಇದನ್ನು ನಂಬುತ್ತಾನೋ ಇಲ್ಲವೋ? ಓದುಗರ ಅಭಿಪ್ರಾಯಗಳನ್ನು ಸೂಕ್ಷ್ಮವಾಗಿ ಗಮನಿಸಿದರೆ ಈ ಪ್ರಶ್ನೆ ಅವರದಲ್ಲವೆಂದು ತೋರುತ್ತದೆ. ಓದುಗರನ್ನು ಕಾಡುವುದು ಆ ಶಕ್ತಿಯ ಒಡೆತನ. ಅದು ಯಾರ ಪಾಲಿಗೆ ಬಂತು, ಅದರ ಭಾರವನ್ನು ಯಾರು ಹೊತ್ತರು, ಅದು ಯಾರಿಗೆ ಉತ್ತರ ಹೇಳಬೇಕು ಎಂಬುದು ಕಥೆಯೊಳಗೆ ಸರಿಯಾಗಿ ಕೂತಿದೆಯೇ ಎಂದು ಅವರು ನೋಡುತ್ತಾರೆ. ಅಮೆರಿಕದ ಒಂದು ಕಾದಂಬರಿ, ಬಳ್ಳಾರಿ ಸೀಮೆಯ ಒಂದು ಕಾದಂಬರಿ, ಇವೆರಡನ್ನು ಎದುರುಬದುರು ಇಟ್ಟು ಈ ಮಾತನ್ನು ಪರಿಶೀಲಿಸುವುದು ಇಲ್ಲಿನ ಉದ್ದೇಶ.

ಆರ್ಸನ್ ಸ್ಕಾಟ್ ಕಾರ್ಡ್ ಬರೆದ ‘ಸೆವೆಂತ್ ಸನ್’ 1987ರಲ್ಲಿ ಪ್ರಕಟವಾಯಿತು. ಹತ್ತೊಂಬತ್ತನೆಯ ಶತಮಾನದ ಆರಂಭದಲ್ಲಿ ಬಿಳಿಯರ ಕುಟುಂಬಗಳು ಬಂಡಿ ಕಟ್ಟಿಕೊಂಡು ಪಶ್ಚಿಮದ ಕಾಡುಸೀಮೆಗೆ ಹೊರಟ ಕಾಲ. ಆದರೆ ಇದು ಬೇರೊಂದು ಅಮೆರಿಕ. ಇಲ್ಲಿ ಬಾಗಿಲಿಗೆ ಕೆತ್ತಿದ ರಕ್ಷೆಯ ಗುರುತು ಕೆಲಸ ಮಾಡುತ್ತದೆ, ಕಡ್ಡಿ ಹಿಡಿದವನಿಗೆ ಭೂಮಿಯೊಳಗಿನ ನೀರು ಗೊತ್ತಾಗುತ್ತದೆ, ಹೆಣ್ಣುಮಗುವೊಂದು ಎದುರಿಗಿರುವವರ ಮುಂದಿನ ಬದುಕನ್ನು ಕಾಣುತ್ತದೆ. ಏಳನೆಯ ಮಗನಿಗೆ ಏಳನೆಯ ಮಗನಾಗಿ ಹುಟ್ಟುವ ಆಲ್ವಿನ್‌ಗೆ ಎಲ್ಲರಿಗಿಂತ ದೊಡ್ಡ ಶಕ್ತಿ. ಅವನು ಆ ಲೆಕ್ಕಕ್ಕೆ ಸಲ್ಲಬೇಕಾದರೆ ಆರು ಅಣ್ಣಂದಿರೂ ಬದುಕಿರಬೇಕು. ಹೊಳೆಯಲ್ಲಿ ಸಿಕ್ಕು ಸಾಯುತ್ತಿರುವ ಹಿರಿಯಣ್ಣ ತಮ್ಮ ಹುಟ್ಟುವವರೆಗೆ ಜೀವ ಹಿಡಿದುಕೊಂಡಿರುತ್ತಾನೆ. ಕಾದಂಬರಿಯ ಅತ್ಯಂತ ಸಮರ್ಥ ಭಾಗ ಇದೇ ಎಂದು ನನ್ನ ಅಭಿಪ್ರಾಯ, ಏಕೆಂದರೆ ಇಲ್ಲಿ ಶಕ್ತಿಗೆ ಒಬ್ಬರು ಬೆಲೆ ತೆತ್ತಿದ್ದಾರೆ.

ಕಾದಂಬರಿಗೆ 1988ರಲ್ಲಿ ಲೋಕಸ್ ಮತ್ತು ಮಿಥೊಪೊಯಿಕ್ ಪ್ರಶಸ್ತಿಗಳು ಬಂದವು. ಗಡಿಸೀಮೆಯ ಆಡುಮಾತಿನಲ್ಲೇ ಕಥೆ ಹೇಳಿಸಿದ್ದನ್ನು ಓದುಗರು ಮೆಚ್ಚಿದರು. ಆಕ್ಷೇಪಗಳು ಹಲವು ದಿಕ್ಕಿನಿಂದ ಬಂದವು. ಪಾದ್ರಿ ಥ್ರೋವರನ ಪಾತ್ರ ಏಕಮುಖವಾಗಿದೆ; ಮಾರ್ಮನ್ ಪಂಥದ ಸ್ಥಾಪಕ ಜೋಸೆಫ್ ಸ್ಮಿತ್‌ನ ಜೀವನದ ನೆರಳು ಕಥೆಯನ್ನು ಉಪದೇಶದ ಕಡೆಗೆ ಎಳೆಯುತ್ತದೆ; ಮಾಲಿಕೆಯ ಮೊದಲ ಭಾಗವಾದ್ದರಿಂದ ಕಥೆ ನಡುವಿನಲ್ಲೇ ನಿಲ್ಲುತ್ತದೆ; ಮೂಲನಿವಾಸಿಗಳನ್ನು, ಮುಖ್ಯವಾಗಿ ಎರಡನೆಯ ಭಾಗ ‘ರೆಡ್ ಪ್ರಾಫೆಟ್’ನಲ್ಲಿ, ನೆಲದ ಹಾಡು ಕೇಳಬಲ್ಲ ಒಂದೇ ಅಚ್ಚಿನ ಜನರನ್ನಾಗಿ ಮಾಡಲಾಗಿದೆ. ಇವುಗಳಲ್ಲಿ ಯಾವುದೂ ಮಾಟ ಸುಳ್ಳು ಎಂಬ ದೂರಲ್ಲ. ಶಕ್ತಿಯ ಹಂಚಿಕೆ ನ್ಯಾಯವಾಗಿಲ್ಲ ಎಂಬ ಅಸಮಾಧಾನವೇ ಹೆಚ್ಚಿನವುಗಳ ಬುಡದಲ್ಲಿದೆ.

ಆಲ್ವಿನ್‌ನ ಕಥೆ ನಡೆಯುವ ಕಾಲಕ್ಕೇ ನಮ್ಮ ಸೀಮೆಯೂ ಒಂದು ಹೊಸ ಗಡಿಯಾಗಿತ್ತು. 1800ರಲ್ಲಿ ನಿಜಾಮ ಈಸ್ಟ್ ಇಂಡಿಯಾ ಕಂಪನಿಗೆ ಬಿಟ್ಟುಕೊಟ್ಟ ದತ್ತ ಮಂಡಲಕ್ಕೆ ಥಾಮಸ್ ಮನ್ರೋ ಪ್ರಧಾನ ಕಲೆಕ್ಟರನಾಗಿ ಬಂದು 1807ರವರೆಗೆ ಇದ್ದ. ಪಾಳೇಗಾರರನ್ನು ಅಡಗಿಸಿದ, ಹೊಲ ಅಳೆಸಿದ, ರೈತವಾರಿ ಕಂದಾಯ ಕಟ್ಟಿದ. ಆಡಳಿತ ಚರಿತ್ರೆಯಲ್ಲಿರುವ ಮನ್ರೋ ಇಷ್ಟು. ಜನರ ಬಾಯಲ್ಲಿರುವ ಮನ್ರೋ ಬೇರೆ. ಸಿರುಗುಪ್ಪದಿಂದ ಆದವಾನಿಯ ಕಡೆಗೆ ಹೋದರೆ ಸಿಗುವ ಮಂತ್ರಾಲಯದಲ್ಲಿ, ಮಠದ ಇನಾಮು ಭೂಮಿಯ ವಿಚಾರಣೆಗೆ ಬಂದ ಈ ದೊರೆಗೆ ರಾಘವೇಂದ್ರ ಸ್ವಾಮಿಗಳು ಬೃಂದಾವನದಿಂದ ಎದ್ದು ಬಂದು ಮಾತಾಡಿದರೆಂದೂ, ಜೊತೆಗಿದ್ದವರಿಗೆ ಯಾರೂ ಕಾಣಲಿಲ್ಲವೆಂದೂ ಐತಿಹ್ಯ. 1827ರಲ್ಲಿ ಪತ್ತಿಕೊಂಡದಲ್ಲಿ ಕಾಲರಾದಿಂದ ಅವನು ಸತ್ತ ಮೇಲೆ ಆ ಸಾವಿಗೂ ಒಂದು ಕಥೆ ಹುಟ್ಟಿತು: ಕಡಪಾ ಕಡೆಯ ಗಂಡಿಯಲ್ಲಿ ಬೆಟ್ಟದಿಂದ ಬೆಟ್ಟಕ್ಕೆ ಕಟ್ಟಿದ ಬಂಗಾರದ ತೋರಣ ಅವನ ಕಣ್ಣಿಗೆ ಬಿತ್ತು, ಅದು ಕಂಡವನು ಬಹಳ ದಿನ ಉಳಿಯುವುದಿಲ್ಲ. ಮಕ್ಕಳಿಗೆ ಮನ್ರೋಲಪ್ಪನೆಂದು ಹೆಸರಿಟ್ಟ ಸೀಮೆ ಇದು. ಆದವಾನಿ, ಆಲೂರು, ರಾಯದುರ್ಗ ತಾಲ್ಲೂಕುಗಳು 1953ರಲ್ಲಿ ಆಂಧ್ರಕ್ಕೆ ಹೋದವು. ಕಥೆಗಳು ಮಾತ್ರ ಗಡಿಯ ಎರಡೂ ಕಡೆ ಉಳಿದವು.

ಕುಂ. ವೀರಭದ್ರಪ್ಪನವರ ‘ಅರಮನೆ’ ಈ ಮನ್ರೋ ಕಾಲವನ್ನೇ ಎತ್ತಿಕೊಳ್ಳುತ್ತದೆ. ಕೊಟ್ಟೂರಿನವರಾದ ಕುಂವೀ ಆಂಧ್ರದ ಗಡಿಹಳ್ಳಿಗಳಲ್ಲಿ ಬಹುಕಾಲ ಮೇಷ್ಟರಾಗಿದ್ದವರು. 2007ರ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಈ ಕಾದಂಬರಿಗೆ ಬಂತು. ಕುಸಿಯುತ್ತಿರುವ ಪಾಳೇಗಾರಿಕೆ, ಏರುತ್ತಿರುವ ಕಂಪನಿ, ಇವೆರಡರ ನಡುವೆ ಸಾಂಬವಿ ಎಂಬ ಊರದೇವತೆ ಮನುಷ್ಯನ ಮೈಮೇಲೆ ಬಂದು ಕೂರುತ್ತಾಳೆ. ಒಬ್ಬ ಓದುಗನಿಗೆ ಇದು ಮಾಂತ್ರಿಕ ವಾಸ್ತವ, ಇನ್ನೊಬ್ಬನಿಗೆ ಪುರಾಣ. ಮಂತ್ರಾಲಯದ ಕಥೆ ಕೇಳಿ ಬೆಳೆದ ಸಿರುಗುಪ್ಪದ ಓದುಗನಿಗೆ ಇದು ಚರಿತ್ರೆಯನ್ನು ಹೇಳುವ ರೂಢಿಯ ಕ್ರಮವೇ. ಲಂಗುಲಗಾಮಿಲ್ಲದೆ ಹರಿಯುವ ವಾಕ್ಯಗಳು ಉಸಿರು ಕಟ್ಟಿಸುತ್ತವೆ, ಸೀಮೆಯ ಮಾತು ಹೊರಗಿನವರಿಗೆ ತೊಡಕಾಗುತ್ತದೆ ಎಂಬ ದೂರುಗಳಲ್ಲಿ ಸತ್ಯವಿದೆ. ಆದರೆ ಗಟ್ಟಿಯಾಗಿ ಓದಿದಾಗ ಆ ವಾಕ್ಯ ಕಥೆ ಹೇಳುವವನ ಉಸಿರಿಗೆ ಸರಿಹೊಂದುತ್ತದೆ. ಕಣ್ಣಿನ ಓದಿಗೆ ದಣಿವಾದದ್ದು ಕಿವಿಗೆ ದಣಿವಾಗುವುದಿಲ್ಲ.

ಇನ್ನೊಂದು ಆಕ್ಷೇಪ ಗಂಭೀರವಾದದ್ದು. ಮೌಢ್ಯದ ವಿರುದ್ಧ ನಿರಂತರ ಮಾತಾಡಿದ, ಎಂ.ಎಂ. ಕಲಬುರ್ಗಿಯವರ ಹತ್ಯೆಯ ನಂತರ 2015ರಲ್ಲಿ ಇದೇ ಪ್ರಶಸ್ತಿಯನ್ನು ಹಿಂದಿರುಗಿಸಿದ ಲೇಖಕ ದೇವಿಯನ್ನು ಇಷ್ಟು ಜೀವಂತವಾಗಿ ಬರೆಯಬಹುದೇ? ಬರೆಯಬಹುದು ಎನ್ನುವುದಕ್ಕೆ ಕಾರಣವನ್ನು ಮೈಲಾರದಲ್ಲಿ ಹುಡುಕಬೇಕು.

ಹೂವಿನಹಡಗಲಿ ತಾಲ್ಲೂಕಿನ ಮೈಲಾರ 2021ರವರೆಗೂ ಬಳ್ಳಾರಿ ಜಿಲ್ಲೆಯಲ್ಲೇ ಇತ್ತು. ಭರತ ಹುಣ್ಣಿಮೆಯ ಜಾತ್ರೆಯಲ್ಲಿ ಉಪವಾಸವಿದ್ದ, ಮೈಲಾರಲಿಂಗನ ಭಕ್ತನಾದ ಗೊರವಯ್ಯ ಎತ್ತರದ ಬಿಲ್ಲನ್ನೇರುತ್ತಾನೆ. ಮೇಲೆ ನಿಂತು ‘ಸದ್ದಲೇ’ ಎಂದು ಕೂಗಿದಾಗ ಲಕ್ಷಾಂತರ ಜನ ಒಮ್ಮೆಲೇ ಮೌನವಾಗುತ್ತಾರೆ. ಒಂದೇ ಒಂದು ಸಾಲು ನುಡಿದು ಅವನು ಅಲ್ಲಿಂದ ಕೆಳಗೆ ಬೀಳುತ್ತಾನೆ, ಕೆಳಗಿದ್ದವರು ಹಿಡಿದುಕೊಳ್ಳುತ್ತಾರೆ. ಅದೇ ಕಾರಣಿಕ. ಮುಂದಿನದೆಲ್ಲ ಕೇಳಿದವರ ಕೆಲಸ. ಮಳೆಯ ಮಾತೋ ರಾಜಕೀಯದ ಮಾತೋ, ಹತ್ತಿಗೆ ಒಳ್ಳೆಯದೋ ಜೋಳಕ್ಕೋ, ಚಹಾದಂಗಡಿಯಿಂದ ಹೊಲದ ಬದುವಿನವರೆಗೆ ಅರ್ಥ ಬಿಡಿಸುತ್ತಾರೆ, ಜಗಳವಾಡುತ್ತಾರೆ, ಹೋದ ವರ್ಷದ ನುಡಿ ಏನಾಯಿತೆಂದು ಲೆಕ್ಕ ಕೇಳುತ್ತಾರೆ. ದೇವರು ನಿಜವಾಗಿ ಬಂದನೇ ಎಂದು ಯಾರೂ ತಕರಾರು ತೆಗೆಯುವುದಿಲ್ಲ. ನುಡಿಯ ಬಗ್ಗೆ ತಕರಾರಿಗೆ ಕೊನೆಯಿಲ್ಲ. ನಮ್ಮಲ್ಲಿ ಓದುಗನ ಅಭಿಪ್ರಾಯ ಎಂಬುದಕ್ಕೆ ಅಚ್ಚಿನ ಪುಸ್ತಕಕ್ಕಿಂತ ಹಳೆಯದಾದ ಶಿಕ್ಷಣ ಇದು. ಈ ಶಿಕ್ಷಣ ಪಡೆದವನು ‘ಅರಮನೆ’ಯ ಸಾಂಬವಿಯನ್ನು ಪೂಜಿಸಬೇಕಾಗಿಲ್ಲ, ಅಲ್ಲಗಳೆಯಬೇಕಾಗಿಯೂ ಇಲ್ಲ. ಅವಳು ಯಾರ ಮೈಯನ್ನು ಆರಿಸಿಕೊಂಡಳು, ಅರಮನೆಯವರಿಗೆ ಏನು ಹೇಳಿದಳು ಎಂದು ಅವನು ನೋಡುತ್ತಾನೆ. ಬಡವನ ಬಾಯಿಗೆ ಅರಮನೆ ಕಿವಿಗೊಡದು. ದೇವಿ ಮೈದುಂಬಿದಾಗ ಅದೇ ಬಾಯಿಗೆ ತಲೆಬಾಗಲೇಬೇಕು. ಕುಂವೀ ಹಿಡಿದದ್ದು ಈ ಸಾಮಾಜಿಕ ಸತ್ಯವನ್ನು.

ಕುರುಗೋಡಿನ ಕಡೆಗೆ ಬಂದರೆ ಭಾರದ ಪ್ರಶ್ನೆ ಇನ್ನೂ ತೀವ್ರವಾಗುತ್ತದೆ. ದೊಡ್ಡಬಸವೇಶ್ವರನ ಬೃಹತ್ ನಂದಿಯ ಈ ಊರಿಗೆ ಹತ್ತಿರದ ಕಲ್ಲುಕಂಬ ಮಂಜಮ್ಮ ಜೋಗತಿಯವರ ಹುಟ್ಟೂರು. ಗಂಡಾಗಿ ಹುಟ್ಟಿ ತನ್ನೊಳಗಿನ ಹೆಣ್ಣನ್ನು ಗುರುತಿಸಿಕೊಂಡ ಆ ಹುಡುಗನಿಗೆ ಊರು ಕೊಟ್ಟ ವಿವರಣೆ ದೇವಿ ಮೈಗೆ ಬಂದಿದ್ದಾಳೆ ಎಂಬುದು. ದೇವಿಗೆ ಸಮರ್ಪಿತಳಾದ ಜೋಗತಿಯಾಗಿ ಮುತ್ತು ಕಟ್ಟಿಸಿಕೊಂಡ ಮೇಲೆ ಮನೆ ಕೈಬಿಟ್ಟಿತು, ಭಿಕ್ಷೆ ಬದುಕಾಯಿತು, ಜೋಗತಿ ನೃತ್ಯ ಕೈಹಿಡಿಯಿತು. ಮುಂದೆ ಅವರು ಕರ್ನಾಟಕ ಜಾನಪದ ಅಕಾಡೆಮಿಯ ಅಧ್ಯಕ್ಷೆಯಾದರು, 2021ರಲ್ಲಿ ಪದ್ಮಶ್ರೀ ಸ್ವೀಕರಿಸಿದರು. ದೇವದಾಸಿ ಸಮರ್ಪಣೆಯನ್ನು ನಿಷೇಧಿಸಿದ 1982ರ ಕಾಯ್ದೆ ಬೇಕಾದದ್ದೂ ಇಂಥ ಜಿಲ್ಲೆಗಳಿಗಾಗಿಯೇ. ದೇವಿ ಮೈಗೆ ಬರುವುದೆಂದರೆ ಏನೆಂದು ಇಷ್ಟು ಹತ್ತಿರದಿಂದ ಬಲ್ಲ ನೆಲದಲ್ಲಿ ಪುಕ್ಕಟೆ ಸಿಕ್ಕ ಶಕ್ತಿಯ ಕಥೆ ಒಪ್ಪಿಗೆಯಾಗುವುದು ಕಷ್ಟ.

ಆಲ್ವಿನ್ ಅತಿಯಾಗಿ ಒಳ್ಳೆಯವನು, ಅತಿಯಾಗಿ ಆಯ್ಕೆಯಾದವನು ಎಂಬ ಅಮೆರಿಕದ ಓದುಗರ ಇನ್ನೊಂದು ದೂರನ್ನು ಇಲ್ಲಿಟ್ಟು ನೋಡಬೇಕು. ನಮ್ಮ ಹಳ್ಳಿಗಳಲ್ಲಿ ಮಂಗಳವಾರ ಮೈದುಂಬಿ ಊರಗೌಡನನ್ನು ಏಕವಚನದಲ್ಲಿ ಗದರಿಸಿದವಳು ಬುಧವಾರ ಬೆಳಿಗ್ಗೆ ಅದೇ ಗೌಡನ ಹೊಲಕ್ಕೆ ಕಳೆ ತೆಗೆಯಲು ಹೋಗುತ್ತಾಳೆ. ಶಕ್ತಿ ಅವಳದಲ್ಲ, ಬಂದು ಹೋಗುವಂಥದ್ದು. ಆಲ್ವಿನ್‌ನ ಶಕ್ತಿಯಾದರೋ ಅವನೊಳಗೇ ಇದ್ದು ಅವನೊಂದಿಗೇ ಬೆಳೆಯುತ್ತದೆ. ಬೀಸುಕಲ್ಲು ಬಿದ್ದು ಕಾಲು ಜಜ್ಜಿಹೋದಾಗ ಅವನು ತನ್ನ ಮೂಳೆಯನ್ನು ತಾನೇ ಕೂಡಿಸಿಕೊಳ್ಳುವ ಪ್ರಸಂಗ ಓದುಗರ ಮನಸ್ಸಿನಲ್ಲಿ ನಿಲ್ಲುವುದು ಆ ಒಂದು ಕಡೆ ಅವನಿಗೆ ನೋವಿರುವುದರಿಂದ, ಇತರರ ಕೈ ಬೇಕಾಗುವುದರಿಂದ.

ಮಾಲಿಕೆಯ ಮೂರನೆಯ ಭಾಗ ‘ಪ್ರೆಂಟಿಸ್ ಆಲ್ವಿನ್’ (1989) ಈ ದೃಷ್ಟಿಯಿಂದ ಮೊದಲ ಭಾಗಕ್ಕಿಂತ ನಮ್ಮ ಓದಿಗೆ ಹತ್ತಿರ. ಅದರಲ್ಲಿ ಹ್ಯಾಂಕ್ ಎಂಬ ನೀರು ನೋಡುವವನಿದ್ದಾನೆ. ತುಂಗಭದ್ರಾ ಕಾಲುವೆಯ ಕೆಳಗೆ ಭತ್ತ ಬೆಳೆಯುವ ಸಿರುಗುಪ್ಪದ ಗದ್ದೆಗಳಲ್ಲಿ ಅಂಥವನಿಗೆ ಹೆಚ್ಚು ಕೆಲಸವಿಲ್ಲ. ಕಾಲುವೆ ತಲುಪದ ಹೊಲಗಳಲ್ಲಿ ಅಂಗೈ ಮೇಲೆ ತೆಂಗಿನಕಾಯಿ ಮಲಗಿಸಿಕೊಂಡೋ ಬೇವಿನ ಕವಲುಕಡ್ಡಿ ಹಿಡಿದೋ ಬೋರ್‌ವೆಲ್ ಪಾಯಿಂಟು ತೋರಿಸುವವನು ಈಗಲೂ ಇದ್ದಾನೆ. ಕಾಯಿ ಎದ್ದು ನಿಂತ ಜಾಗಕ್ಕೆ ಸುಣ್ಣ ಹಾಕುತ್ತಾರೆ, ಬೋರ್ ಲಾರಿಗೆ ಹೇಳುತ್ತಾರೆ, ಸಾಲ ಮಾಡುತ್ತಾರೆ. ನೀರು ಬೀಳದಿದ್ದರೆ ಸಾಲ ರೈತನದೇ. ಕಾರ್ಡ್‌ನ ಹ್ಯಾಂಕ್‌ನ ವಿದ್ಯೆ ಸುಳ್ಳಲ್ಲ. ಆದರೆ ಬೆರಕೆ ಬಣ್ಣದ ಪುಟ್ಟ ಹುಡುಗ ಆರ್ಥರ್ ಸ್ಟುವರ್ಟ್ ತನ್ನನ್ನು ಪ್ರಶ್ನಿಸಿದನೆಂಬ ಸಿಟ್ಟು ತಲೆಗೇರಿ ಅವನು ಜಾಗ ತಪ್ಪಿ ತೋರಿಸುತ್ತಾನೆ, ಅಗೆದರೆ ಬಂಡೆ. ಆಲ್ವಿನ್ ಆ ಬಂಡೆಯವರೆಗೂ ಅಗೆದು ತೋರಿಸಿ, ಆಮೇಲೆ ಬೇರೆ ಕಡೆ ಬಾವಿ ತೋಡುತ್ತಾನೆ. ವಿದ್ಯೆ ಇದ್ದವನ ಜಾತಿದ್ವೇಷ ಊರಿನ ನೀರನ್ನೇ ತಪ್ಪಿಸಬಲ್ಲದು ಎಂಬುದಕ್ಕೆ ಈ ಅಧ್ಯಾಯಕ್ಕಿಂತ ನೇರವಾದ ಉದಾಹರಣೆ ಆ ಮಾಲಿಕೆಯಲ್ಲಿಲ್ಲ. ಕೇರಿಯ ಬಾವಿ, ಊರ ಬಾವಿ ಬೇರೆಬೇರೆಯಾಗಿದ್ದುದನ್ನು ಕಂಡ ಬಳ್ಳಾರಿ ಸೀಮೆಯ ಓದುಗನಿಗೆ ಇದನ್ನು ಕಲ್ಪನಾಸಾಹಿತ್ಯವೆಂದು ವಿವರಿಸಿ ಹೇಳಬೇಕಾದ ಅಗತ್ಯವಿಲ್ಲ.