ಒಡನಾಟದ ಮೇಲೆ ಹುಟ್ಟುವ ಸೆಳೆತ

‘ಡೆಮಿಸೆಕ್ಷುವಲ್’ ಎಂಬ ಪದ ಬಳಕೆಗೆ ಬಂದದ್ದು 2006ರಲ್ಲಿ. ಅಮೆರಿಕದ ಡೇವಿಡ್ ಜೇ 2001ರಲ್ಲಿ ಶುರುಮಾಡಿದ ‘ಅವೆನ್’ ಎಂಬ ಜಾಲತಾಣದಲ್ಲಿ, ಯಾರ ಮೇಲೂ ಲೈಂಗಿಕ ಸೆಳೆತ ಹುಟ್ಟದವರು, ಅಂದರೆ ಅಲೈಂಗಿಕರು, ತಮ್ಮ ಅನುಭವ ಹೇಳಿಕೊಳ್ಳುತ್ತಿದ್ದರು. ಅವರ ನಡುವೆಯೇ ಅತ್ತಲೂ ಸೇರದ, ಇತ್ತಲೂ ಸೇರದ ಕೆಲವರಿದ್ದರು. ಅಪರಿಚಿತರು ಎಷ್ಟೇ ಚೆಲುವರಾಗಿರಲಿ, ಇವರಿಗೆ ಅಂಥ ಸೆಳೆತ ಉಂಟಾಗದು; ಒಬ್ಬರೊಡನೆ ಮನಸ್ಸು ಆಳವಾಗಿ ಬೆಸೆದ ಮೇಲೆ ಮಾತ್ರ ಅವರತ್ತ ಅದು ಹುಟ್ಟೀತು. ಅಂಥವರಿಗೆಂದು ಮೂಡಿದ ಪದವಿದು. ಇದಕ್ಕಿಂತ ಹಳೆಯ ಪದವೊಂದರ ಪಾಡು ಇಲ್ಲಿ ನೆನಪಾಗುತ್ತದೆ. ‘ಹೋಮೊಸೆಕ್ಷುವಲ್’ ಎಂಬುದನ್ನು 1869ರಲ್ಲಿ ಕರ್ಟ್‌ಬೆನಿ ಎಂಬ ಲೇಖಕ ಅಚ್ಚಿಗೆ ತಂದದ್ದು, ಸಲಿಂಗ ಸಂಬಂಧವನ್ನು ಅಪರಾಧವೆನ್ನುತ್ತಿದ್ದ ಪ್ರಷ್ಯಾದ ಕಾನೂನನ್ನು ವಿರೋಧಿಸುವುದಕ್ಕೆ. ಮುಂದೆ ಅದು ವೈದ್ಯರ ಕೈಸೇರಿ ಕಾಯಿಲೆಯ ಹೆಸರಾಯಿತು. ಆ ಕಳಂಕ ತೊಳೆಯಲು ಒಂದು ಶತಮಾನವೇ ಹಿಡಿಯಿತು. ಪದ ಹುಟ್ಟಿದ ಉದ್ದೇಶವೊಂದು, ಕೈಬದಲಾದ ಮೇಲಿನ ಬಳಕೆ ಮತ್ತೊಂದು. ಡೆಮಿಸೆಕ್ಷುವಲ್ ಎಂಬುದು ಇನ್ನೂ ಎಳೆಯ ಪದ. ಅದನ್ನು ಹೇಗೆ ಬಳಸುತ್ತೇವೆ ಎಂಬ ಎಚ್ಚರ ಈಗಲೇ ಬೇಕು.

ಈ ಪದ ಕೇಳಿದವರು ಮೊದಲು ಎತ್ತುವ ಆಕ್ಷೇಪ, ‘ಇದರಲ್ಲಿ ಹೊಸತೇನಿದೆ? ಮರ್ಯಾದಸ್ಥರೆಲ್ಲ ಹೀಗೇ ಅಲ್ಲವೇ?’ ಎಂಬುದು. ಇಲ್ಲಿ ನಡತೆಯೂ ಸೆಳೆತವೂ ಒಂದರೊಳಗೊಂದು ಕಲಸಿಹೋಗಿವೆ. ಕಂಡ ಕ್ಷಣವೇ ಸೆಳೆತ ಉಂಟಾದರೂ ಅದನ್ನು ಅದುಮಿಟ್ಟುಕೊಂಡು, ಪರಿಚಯ ಬೆಳೆಯಲಿ ಎಂದು ಕಾಯುವವರು ಲಕ್ಷಾಂತರ ಮಂದಿ. ಅದು ಸಂಯಮ, ಅವರು ಮಾಡಿಕೊಂಡ ಆಯ್ಕೆ. ಡೆಮಿಸೆಕ್ಷುವಲ್ ಆದವರಿಗೆ ಅದುಮಿಡಲು ಅಲ್ಲಿ ಏನೂ ಇರುವುದಿಲ್ಲ. ಹಾಸ್ಟೆಲ್ ಕೋಣೆಯಲ್ಲಿ ಗೆಳತಿಯರೆಲ್ಲ ಸಿನಿಮಾ ನಾಯಕನ ಬಗ್ಗೆ ಆಸೆಯಿಂದ ಮಾತಾಡುವಾಗ, ಅವನ ಚೆಲುವನ್ನು ಒಪ್ಪಿಯೂ ಆ ಆಸೆ ಏನೆಂದೇ ತಿಳಿಯದೆ, ಇವರೆಲ್ಲ ಉತ್ಪ್ರೇಕ್ಷೆ ಮಾಡುತ್ತಿದ್ದಾರೆಂದು ಭಾವಿಸುವ ಹುಡುಗಿ ಇರಬಹುದು. ಅವಳನ್ನು ‘ಸಂಸ್ಕಾರವಂತೆ’ ಎಂದು ಹೊಗಳಿದರೂ ತಪ್ಪು, ‘ಬೂಟಾಟಿಕೆ’ ಎಂದು ಹಂಗಿಸಿದರೂ ತಪ್ಪು. ಈ ಪದವನ್ನು ಶೀಲದ ಪ್ರಮಾಣಪತ್ರದಂತೆ ತೋರಿಸಿಕೊಂಡು ಉಳಿದವರನ್ನು ಕೀಳಾಗಿ ಕಾಣುವುದೂ ಅಷ್ಟೇ ಸಲ್ಲದು. ಸೆಳೆತ ಬೇಗ ಹುಟ್ಟುವುದು ದೋಷವಲ್ಲ, ತಡವಾಗಿ ಹುಟ್ಟುವುದು ಗುಣವೂ ಅಲ್ಲ.

ಎರಡನೆಯ ಆಕ್ಷೇಪಕ್ಕೆ ಹೆಚ್ಚು ತೂಕವಿದೆ. ಲೈಂಗಿಕ ಒಲವು ಎಂದರೆ ಯಾರ ಕಡೆಗೆ ಎಂಬ ಪ್ರಶ್ನೆ. ಡೆಮಿಸೆಕ್ಷುವಲ್ ಎಂಬ ಪದ ಯಾವಾಗ, ಹೇಗೆ ಎಂದಷ್ಟೇ ಹೇಳುತ್ತದೆ, ಹಾಗಾಗಿ ಇದನ್ನು ಒಲವೆನ್ನುವುದು ಹೇಗೆ ಎಂದು ಕೇಳುತ್ತಾರೆ. ಡೆಮಿಸೆಕ್ಷುವಲ್ ವ್ಯಕ್ತಿ ಗಂಡನ್ನೋ ಹೆಣ್ಣನ್ನೋ ಇಬ್ಬರನ್ನೋ ಬಯಸಬಹುದು ಎಂಬುದು ನಿಜವೇ. ಆದರೆ ದಿಕ್ಕೊಂದೇ ಸಾಲದು ಎಂಬುದು ಸಂಶೋಧಕರಿಗೆ ಬಹಳ ಹಿಂದೆಯೇ ಎದುರಾದ ಮಾತು. ಆಲ್‌ಫ್ರೆಡ್ ಕಿನ್ಸಿ 1948ರಲ್ಲಿ ಒಲವಿನ ದಿಕ್ಕಿಗೆಂದು ಸೊನ್ನೆಯಿಂದ ಆರರವರೆಗಿನ ಅಳತೆ ರೂಪಿಸಿದಾಗ, ಅದರಲ್ಲೆಲ್ಲೂ ಕೂರದವರಿಗಾಗಿ ‘ಎಕ್ಸ್’ ಎಂಬ ಬೇರೆ ಗುರುತು ಇಡಬೇಕಾಯಿತು. ಸಲಿಂಗದತ್ತಣ ಸೆಳೆತ, ವಿರುದ್ಧ ಲಿಂಗದತ್ತಣ ಸೆಳೆತ ಎರಡರ ತೀವ್ರತೆಯನ್ನೂ ಬೇರೆಬೇರೆಯಾಗಿ ಅಳೆಯಬೇಕೆಂದು 1980ರಲ್ಲಿ ಮೈಕೆಲ್ ಸ್ಟಾರ್ಮ್ಸ್ ವಾದಿಸಿದರು. ಎರಡೂ ತೀರಾ ಕಡಿಮೆ ಇರುವವರಿಗೆ ಆಗ ನಕ್ಷೆಯಲ್ಲೇ ಜಾಗ ಸಿಕ್ಕಿತು. ದಿಕ್ಕಿನ ಜೊತೆ ತೀವ್ರತೆಯನ್ನೂ ಎಣಿಸುವುದಾದರೆ, ಸೆಳೆತ ಹುಟ್ಟಲು ಬೇಕಾದ ಸ್ಥಿತಿಯನ್ನು ಹೊರಗಿಡಲು ಗಟ್ಟಿ ಕಾರಣ ಕಾಣದು. ಬೇಕೆಂದು ಆರಿಸಿಕೊಳ್ಳದ್ದು, ಬದುಕಿನ ಉದ್ದಕ್ಕೂ ಸಾಮಾನ್ಯವಾಗಿ ಉಳಿದುಬರುವುದು, ಸಂಬಂಧಗಳ ಸ್ವರೂಪವನ್ನೇ ನಿರ್ಧರಿಸುವುದು ಎಂಬ ಲಕ್ಷಣಗಳಿಂದ ಒಲವನ್ನು ಗುರುತಿಸುವುದಾದರೆ, ಇದನ್ನೂ ಒಲವೆಂದೇ ಕರೆಯಬೇಕು.

ಪುರಾವೆ ಸಾಕಷ್ಟಿದೆಯೇ ಎಂದು ಕೇಳುವವರೂ ಉಂಟು. ಡೆಮಿಸೆಕ್ಷುವಲ್ ಜನರನ್ನೇ ಕುರಿತ ಅಧ್ಯಯನ ಇನ್ನೂ ಆರಂಭದ ಹಂತದಲ್ಲಿದೆ, ಹೆಚ್ಚಿನದಕ್ಕೆ ಅವರ ಮಾತೇ ಆಧಾರ. ಆದರೆ ಒಳಗಿನ ಸೆಳೆತವನ್ನು ತಿಳಿಯಲು ಯಾರ ವಿಷಯದಲ್ಲೂ ಮುಖ್ಯ ದಾರಿ ಅವರನ್ನೇ ಕೇಳುವುದು. ಅಲೈಂಗಿಕರ ವಿಷಯದಲ್ಲೂ ಆದದ್ದು ಇದೇ. ಬ್ರಿಟನ್ನಿನ 18,000ಕ್ಕೂ ಹೆಚ್ಚು ಜನರ ಸಮೀಕ್ಷೆಯನ್ನು ಆಧರಿಸಿ ಆಂಟನಿ ಬೊಗಾರ್ಟ್ 2004ರಲ್ಲಿ ಪ್ರಕಟಿಸಿದ ಲೇಖನದಲ್ಲಿ, ಸುಮಾರು ಶೇ 1ರಷ್ಟು ಮಂದಿ ತಮಗೆ ಯಾರ ಮೇಲೂ ಸೆಳೆತ ಉಂಟಾಗಿಲ್ಲ ಎಂದಿದ್ದರು. ಅಮೆರಿಕದ ಮನೋವೈದ್ಯರ ಕೈಪಿಡಿಯ 2013ರ ಆವೃತ್ತಿಯೂ ತಮ್ಮನ್ನು ಅಲೈಂಗಿಕರೆಂದು ಗುರುತಿಸಿಕೊಂಡವರ ಜೀವನಪರ್ಯಂತದ ನಿರಾಸಕ್ತಿಯನ್ನು ಕಾಯಿಲೆಯ ಪಟ್ಟಿಯಿಂದ ಹೊರಗಿಟ್ಟಿತು. ಸ್ವಂತ ಮಾತನ್ನು ನಂಬಿದ್ದರಿಂದ ವೈದ್ಯಶಾಸ್ತ್ರಕ್ಕೆ ನಷ್ಟವೇನೂ ಆಗಲಿಲ್ಲ.

ಕನ್ನಡದ ಮನೆಗಳಲ್ಲಿ ಈ ಪದದ ನಿಜವಾದ ಪರೀಕ್ಷೆ ನಡೆಯುವುದು ಮದುವೆಯ ಸುತ್ತ. ಹೆಣ್ಣು ನೋಡುವ ಶಾಸ್ತ್ರದಲ್ಲಿ ಉಪ್ಪಿಟ್ಟು, ಕೇಸರಿಬಾತು ಮುಗಿದು ಕಾಫಿ ಲೋಟ ಕೆಳಗಿಡುವಷ್ಟರಲ್ಲಿ ‘ಹುಡುಗ ಹಿಡಿಸಿದನಾ?’ ಎಂಬ ಪ್ರಶ್ನೆ ಬರುತ್ತದೆ. ಉತ್ತರ ತೋಚದೆ ತಡವರಿಸಿದರೆ, ‘ಮದುವೆಯಾದ ಮೇಲೆ ತಾನೇ ಬರುತ್ತೆ ಬಿಡು’ ಎಂಬ ಸಮಾಧಾನ. ಡೆಮಿಸೆಕ್ಷುವಲ್ ಎಂದರೆ ಇದೇ ತಾನೆ, ನಮ್ಮ ಹಿರಿಯರಿಗೆ ಮೊದಲೇ ಗೊತ್ತಿತ್ತು ಎನ್ನಲು ಇಲ್ಲಿ ಸುಲಭ. ಆದರೆ ಪದದ ಅರ್ಥ ಅದಲ್ಲ. ಮನಸ್ಸು ಬೆಸೆಯದೆ ಸೆಳೆತ ಹುಟ್ಟದು ಎಂದ ಮಾತ್ರಕ್ಕೆ, ಬೆಸೆದರೆ ಹುಟ್ಟಿಯೇ ತೀರುತ್ತದೆ ಎಂದಾಗದು. ತೀರಾ ಆಪ್ತ ಗೆಳೆತನಗಳು ಗೆಳೆತನವಾಗಿಯೇ ಉಳಿಯುವುದು ಇವರಿಗೂ ಮಾಮೂಲು. ಒಂದೇ ಸೂರಿನಡಿ ಕೆಲವು ತಿಂಗಳು ಕಳೆದ ಮಾತ್ರಕ್ಕೆ ಮನಸ್ಸು ಬೆಸೆಯುತ್ತದೆಂಬ ಖಾತರಿಯೂ ಇಲ್ಲ. ಹಾಗಾಗಿ ಈ ಪದವನ್ನು ಅರಿತ ಮನೆಯವರು ಮಾಡಬೇಕಾದ ಕೆಲಸ ಎರಡು: ನಿಶ್ಚಯಕ್ಕೆ ಮೊದಲು ಒಡನಾಟಕ್ಕೆ ಬೇಕಾದಷ್ಟು ಕಾಲ ಕೊಡುವುದು, ಆ ಕಾಲ ಮುಗಿದ ಮೇಲೂ ‘ಬೇಡ’ ಎಂದರೆ ಅದನ್ನು ಒಪ್ಪುವುದು. ಮದುವೆ ಆಗಿಹೋಗಿದ್ದರೂ ಅಷ್ಟೇ: ಸಂಗಾತಿಯ ಮನಸ್ಸು ಇನ್ನೂ ಸಿದ್ಧವಿಲ್ಲವೆಂದರೆ ಮುಟ್ಟದೆ ಇರುವುದು ಉಪಕಾರವಲ್ಲ, ಕರ್ತವ್ಯ.